ಕಟ್ಟಿದವರಿಗಿಂತ ಹಿರಿಯ ಮನೆ

ಸೊಪ್ಪಿನಬೈಲು ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಂತವೀರಪ್ಪನವರು ತಾವೇ ಕೈಯಾರೆ ಕಟ್ಟಿದ ಮನೆಯು ತಮಗಿಂತ ಐವತ್ತೊಂದು ವರ್ಷ ಹಿರಿಯದೆಂಬ ಸಂಗತಿಯು ಕಳೆದ ವರ್ಷ ಫೆಬ್ರವರಿ ಹದಿನಾಲ್ಕನೇ ತಾರೀಕು ಶುಕ್ರವಾರ ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ ಸರ್ಕಾರಿ ದಾಖಲೆಯಿಂದ ದೃಢಪಟ್ಟಿತು. ಇದರಿಂದ ಪಂಚಾಯಿತಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಶಾಂತವೀರಪ್ಪನವರಿಗೆ ಆಯಿತು. ಆದರೆ ಅರ್ಜಿದಾರರ ಆಶ್ಚರ್ಯವನ್ನು ನಮೂದಿಸಲು ನಮೂನೆಯಲ್ಲಿ ಕಾಲಂ ಇರಲಿಲ್ಲ.

ಶಾಂತವೀರಪ್ಪನವರು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿ ಮೂವತ್ತೈದು ವರ್ಷ "ಎನ್ನಾರ್ಪುರ, ಎನ್ನಾರ್ಪುರ, ಶಿವಮೊಗ್ಗ" ಎಂದು ಕೂಗಿ ಊರವರನ್ನೆಲ್ಲ ಅವರವರ ಮನೆಗೆ ಕಳಿಸಿದವರು. ತಾವು ಮಾತ್ರ ಹನ್ನೊಂದು ಬಾಡಿಗೆ ಮನೆ ಬದಲಿಸಿದವರು. ಆ ಹನ್ನೊಂದರಲ್ಲೂ ಮನೆ ಒಡತಿಯರು ಕದ ತಟ್ಟುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಒಬ್ಬಾಕೆ ನೇರ ಅಡುಗೆಮನೆಗೆ ಬಂದು ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಇನ್ನೊಬ್ಬಾಕೆ ರುಚಿ ನೋಡಿ ಉಪ್ಪು ಸಾಲದು ಎನ್ನುತ್ತಿದ್ದರು. ಹೀಗಾಗಿ ಹೆಂಡತಿ ಶಂಕರಮ್ಮನವರಿಗೆ ಉಳಿದಿದ್ದ ಆಸೆ ಒಂದೇ.

"ರೀ, ನಂಗೆ ಬಂಗಾರ ಬ್ಯಾಡ, ಕಾಶಿಯಾತ್ರೆ ಬ್ಯಾಡ. ನಮ್ದೇ ಮನೆ, ನಮ್ದೇ ಬಾಗ್ಲು. ಮಧ್ಯಾಹ್ನ ಉಂಡಾದ್ಮೇಲೆ ಒಳಗಿಂದ ಅಗಳಿ ಹಾಕ್ಕೊಂಡು ಎರಡು ಗಂಟೆ ಕಾಲು ಚಾಚಿ ಮಲಗ್ಬೇಕು. ಯಾರು ಬಂದು ಬಡಿದ್ರೂ ತೆಗೀಬಾರ್ದು. ಇಷ್ಟೇ."

ಇಷ್ಟಕ್ಕಾಗಿ ಶಾಂತವೀರಪ್ಪನವರು ರಿಟೈರಾದ ಮೇಲೆ ಸೊಪ್ಪಿನಬೈಲಿನಲ್ಲಿ ಹನ್ನೆರಡು ಗುಂಟೆ ಜಾಗ ತೆಗೆದುಕೊಂಡರು. ಸಿಮೆಂಟು ಬೇಡ, ಕಲ್ಲು ಮರದ್ದೇ ಇರಲಿ, ನಾವೇ ಕಟ್ಟೋಣ ಎಂದವಳು ಮಗಳು ಮೇಘನ. ಸಿವಿಲ್ ಡಿಪ್ಲೊಮಾ ಮಾಡಿದವಳು, ಸುತ್ತಿಗೆ ಹಿಡಿದರೆ ಕಲ್ಲು ಹೇಳಿದ ಮಾತು ಕೇಳುತ್ತಿತ್ತು. ಅಪ್ಪನ ಮಾತನ್ನು ಕೇಳುತ್ತಿರಲಿಲ್ಲ. ಕೆಲಸ ಹೇಳಿಕೊಡಲು ಅಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಕಲ್ಲುಕೆಲಸದ ಗಿಡ್ಡಯ್ಯನನ್ನು ಕರೆಸಿದರು. ಆತ ಒಂದು ವಾರ ಹೇಳಿಕೊಟ್ಟ. ಎಂಟನೆಯ ದಿನ, ಶಾಂತವೀರಪ್ಪನವರು ಒಬ್ಬರೇ ನಿಂತು ಎಬ್ಬಿಸಿದ ಪಡುವಣ ಗೋಡೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡ. "ನಾನು ಇಲ್ಲಿಗೆ ಬಂದಿದ್ದೆ ಅಂತ ಯಾರ ಹತ್ರಾನೂ ಹೇಳ್ಬ್ಯಾಡಿ ಮಾರಾಯ್ರೆ" ಎಂದು ಬಸ್ಸು ಹತ್ತಿದ. ಗೋಡೆ ಒಂದು ಗೇಣು ಹೊರಕ್ಕೆ ವಾಲಿತ್ತು.

"ನೋಡೇ ಮೇಘನ," ಎನ್ನುತ್ತಿದ್ದರು ಶಂಕರಮ್ಮ, "ನಿಮ್ಮಪ್ಪನ ಗೋಡೆ ರಸ್ತೆ ಕಡೆ ಇಣುಕ್ತಾ ಇದೆ, ಬಸ್ ಬಂತಾ ಅಂತ." ಈ ಮಾತನ್ನು ಅವರು ಎರಡು ವರ್ಷ ದಿನಕ್ಕೊಂದು ಸಲದಂತೆ ಹೇಳಿದರು. ಶಾಂತವೀರಪ್ಪನವರು ಎರಡು ವರ್ಷ ದಿನಕ್ಕೊಂದು ಸಲದಂತೆ ನುಂಗಿಕೊಂಡರು.

ಇನ್ನು ಮರ. ನಮ್ಮ ಕಡೆ ಬಲ್ಲವರು ಹೊಸ ಮರ ಕೊಳ್ಳುವುದಿಲ್ಲ. ಯಾರಾದರೂ ಹಳೆ ಮನೆ ಕಳಚಿ ತಾರಸಿ ಮನೆ ಕಟ್ಟುವಾಗ ಆ ಕಂಬ, ತೊಲೆ, ಬಾಗಿಲುಗಳನ್ನು ಸೀಮೆಸುಣ್ಣದಲ್ಲಿ ನಂಬರು ಹಾಕಿಸಿ ಇಡಿಯಾಗಿ ತರುತ್ತಾರೆ. ಎನ್.ಆರ್.ಪುರದಲ್ಲಿ ಹಳೆ ಮರದ ಡಿಪೋ ಇಟ್ಟಿರುವ ಅಸಾದುಲ್ಲಾ ಸಾಹೇಬರು ಹಾಗೆ ಬಂದ ಒಂದು ಮನೆಯ ಮರವನ್ನು ಲಾರಿಯಲ್ಲಿ ತಂದು ಇಳಿಸಿದರು. ಅದರಲ್ಲಿ ಹಲಸಿನ ಮರದ ಬಾಗಿಲ ಚೌಕಟ್ಟೊಂದಿತ್ತು. ಮೇಲ್ಪಟ್ಟಿಯಲ್ಲಿ ಎರಡು ಗಿಳಿ, ನಡುವೆ ಕೆತ್ತಿದ ಇಸವಿ: 1911.

"ಶಾಂತವೀರಣ್ಣ, ಇದನ್ನ ಉಳಿ ಹಾಕಿ ತೆಗೆದುಬಿಡ್ಲಾ? ಹೊಸ ಮನೆಗೆ ಹಳೆ ಇಸ್ವಿ ಯಾಕೆ?" ಎಂದು ಅಸಾದುಲ್ಲಾ ಕೇಳಿದ್ದುಂಟು.

"ಅದೇ ಅಲ್ವಾ ಮಾರಾಯ ಕಳೆ! ಇರ್ಲಿ ಬಿಡು" ಎಂದ ಶಾಂತವೀರಪ್ಪನವರು ಇಸವಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ, ಅರ್ಧ ಫರ್ಲಾಂಗಿನಿಂದ ಓದಲು ಬರುವಂತೆ ಮಾಡಿದರು.

ಅರ್ಧ ಫರ್ಲಾಂಗಿನಿಂದಲೇ ಅದನ್ನು ಓದಿದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ರೇಣುಕಾಪ್ರಸಾದರು. ಮನೆಗೆ ನಂಬರು ಬೇಕು, ನಂಬರಿದ್ದರೆ ಕರೆಂಟು, ಕರೆಂಟು ಬಂದರೆ ಗೃಹಪ್ರವೇಶ ಎಂದು ಶಾಂತವೀರಪ್ಪನವರು ಹಾಕಿದ್ದ ಅರ್ಜಿಯ ಮೇಲೆ ಅವರು ಆ ಶುಕ್ರವಾರ ಸ್ಥಳ ತನಿಖೆಗೆ ಬಂದಿದ್ದರು. ನಮೂನೆಯಂತೆ ಮೊದಲು ಸಿಮೆಂಟಿನ ಬಿಲ್ಲು ಕೇಳಿದರು. ಇಲ್ಲ. ಕಂಬಿಯ ಬಿಲ್ಲು? ಇಲ್ಲ. "ಕಟ್ಟಡ ಕಟ್ಟಿದ ವರ್ಷ" ಎಂಬಲ್ಲಿ ಒಮ್ಮೆ ತಲೆಯೆತ್ತಿ ಬಾಗಿಲು ನೋಡಿ 1911 ಎಂದು ಬರೆದುಕೊಂಡರು.

"ಸಾರ್, ಸಾರ್, ಮನೆ ಹೊಸದು. ನಾನೇ ಕಟ್ಟಿದ್ದು."

"ನೀವು ಹೇಳ್ತಿದ್ದೀರಿ. ಮನೆ ಬರೆದುಕೊಟ್ಟಿದೆ. ಬಾಯಿಮಾತಿಗೂ ಲಿಖಿತಕ್ಕೂ ವ್ಯತ್ಯಾಸ ಬಂದ್ರೆ ನಾನು ಲಿಖಿತದ ಪರ ಇರ್ಬೇಕಾಗುತ್ತೆ."

"ನನ್ನ ಕೈ ನೋಡಿ ಸಾರ್, ಜಡ್ಡುಗಟ್ಟಿದೆ."

"ಕೈಗೆ ಸೀಲಿಲ್ವಲ್ಲ."

ಮೇಘನ ಫೋನು ತಂದು, ಕಲ್ಲಿನ ಮೇಲೆ ಕಲ್ಲಿಡುತ್ತಿರುವ ಮುನ್ನೂರು ಫೋಟೋ ತೋರಿಸಿದಳು. ರೇಣುಕಾಪ್ರಸಾದರು ಒಂದನ್ನೂ ಬಿಡದೆ ನೋಡಿದರು. ಗಾಬರಿಯಾದರು.

"ಅಲ್ಲಮ್ಮ, ಇದ್ರಲ್ಲಿ ಕಲ್ಲನ್ನ ಮೇಲೆ ಇಡ್ತಾ ಇದ್ದೀರೋ, ಕೆಳಗೆ ಇಳಿಸ್ತಾ ಇದ್ದೀರೋ ಹೇಗೆ ಹೇಳೋದು?"

ಅದೇ ಅನುಮಾನದ ಮೇಲೆ, ನೂರು ವರ್ಷ ಮೀರಿದ ಕಟ್ಟಡವನ್ನು ಕಳಚಲು ಯತ್ನಿಸಿದ್ದಕ್ಕೆ ಕಾರಣ ಕೇಳುವ ನೋಟೀಸು ಮುಂದಿನ ವಾರ ಕುಟುಂಬದ ಮೂವರ ಹೆಸರಿಗೂ ಬಂತು. ಸಾಕ್ಷಿ ಹೇಳಲು ಅಸಾದುಲ್ಲಾ ಸಾಹೇಬರು ಡಿಪೋ ಮುಚ್ಚಿಕೊಂಡು ಪಂಚಾಯಿತಿಗೆ ಬಂದರು.

"ಚೌಕಟ್ಟು ಮಾತ್ರ ಹಳೇದು ಸಾರ್. ನಾನೇ ಮಾರಿದ್ದು. ಆ ಹಳೆ ಮನೆ ಇದ್ದಿದ್ದು ಎನ್ನಾರ್ಪುರದಲ್ಲಿ."

"ಈಗ ಅಲ್ಲಿ ಇದೆಯಾ?"

"ಇಲ್ಲ ಸಾರ್, ಕಳಚಿ ತಂದ್ವಲ್ಲ."

"ಅಂದ್ರೆ ಅಲ್ಲಿ ಇಲ್ಲ. ಇಲ್ಲಿ ಇದೆ." ರೇಣುಕಾಪ್ರಸಾದರು ಪೆನ್ನಿನ ಕ್ಯಾಪು ಹಾಕಿದರು. "ನಾನೂ ಅದನ್ನೇ ಬರೆದಿದ್ದೀನಿ ಸಾಹೇಬ್ರೆ. ಸಹಿ ಮಾಡಿ."

ಅಸಾದುಲ್ಲಾ ಸಹಿ ಮಾಡಿದರು. ಹೊರಗೆ ಬಂದು, "ಶಾಂತವೀರಣ್ಣ, ನಾನು ನಿನ್ನ ಪರವಾಗೇ ಮಾತಾಡ್ದೆ, ಎಲ್ಲಿ ತಪ್ತು ಗೊತ್ತಾಗ್ಲಿಲ್ಲ" ಎಂದು ತಲೆ ಕೆರೆದುಕೊಂಡರು.

ಫೈಲು ಗ್ರಾಮೀಣ ಪುರಾತನ ಕಟ್ಟಡ ಜಾಗೃತಿ ಕೋಶಕ್ಕೆ ಹೋಯಿತು. ತಾಲೂಕಿಗೊಂದು ಪುರಾತನ ಮನೆಯನ್ನು ಮಾರ್ಚ್ ಮೂವತ್ತೊಂದರೊಳಗೆ ಗುರುತಿಸಬೇಕು, ಇಲ್ಲವಾದರೆ ಕೋಶದ ಜೀಪು ವಾಪಸು ಹೋಗುತ್ತದೆ ಎಂಬುದು ಕೋಶದ ಮೂಲ ಧ್ಯೇಯವಾಗಿತ್ತು. ಶೃಂಗೇರಿಯ ಕಾಲಂ ತುಂಬಿತ್ತು, ಎನ್.ಆರ್.ಪುರದ್ದೂ ತುಂಬಿತ್ತು, ಸೊಪ್ಪಿನಬೈಲು ಸೇರಿದ ಕೊಪ್ಪದ್ದು ಖಾಲಿ. ನಿಜವಾದ ಹಳೆ ಮನೆಗಳವರು ಹೇಗೋ ಸುಳಿವು ಹಿಡಿದು, ಜೀಪು ಬರುವ ಹೊತ್ತಿಗೆ ಮುಂಗೋಡೆಗೆಲ್ಲ ಬಚ್ಚಲ ಟೈಲ್ಸು ಅಂಟಿಸಿ ನಿಂತಿರುತ್ತಿದ್ದರು.

ಕೋಶದ ಸಂಯೋಜಕ ಸುಂದರೇಶರು ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಬಂದರು. ಮನೆ ಸುತ್ತಿದರು. ಮೇಘನ ಕಟ್ಟಿದ ಮೂಡಣ ಗೋಡೆಯನ್ನು ತಟ್ಟಿ, "ಈಗಿನವರ ಕೈಲಿ ಇಂಥ ಕೆಲಸ ಸಾಧ್ಯವಿಲ್ಲ" ಎಂದರು.

"ಸಾರ್, ಅದು ನಾನು ಮಾಡಿದ್ದು. ಹೋದ ಮಳೆಗಾಲದ ಮುಂಚೆ."

"ಹಿರಿಯರ ಮೇಲೆ ಅಭಿಮಾನ ಇರ್ಬೇಕಮ್ಮ, ಆದ್ರೆ ಅವರ ಕೆಲಸ ನಮ್ದು ಅನ್ಬಾರ್ದು" ಎಂದು ನಯವಾಗಿ ತಿದ್ದಿ, ಪಡುವಣ ಗೋಡೆಯ ಬಳಿಗೆ ಹೋದ ಸುಂದರೇಶರು ನಿಂತೇ ಬಿಟ್ಟರು. ಚಪ್ಪಲಿ ಕಳಚಿದರು.

"ಅದ್ಭುತ! ಈ ಓರೆ ನೋಡಿ. ಒಂದು ಶತಮಾನ ಪಡುವಣ ಗಾಳಿಗೆ ಮೈಯೊಡ್ಡಿ, ಗಾಳಿಗೆದುರಾಗಿಯೇ ಬಾಗಿದ ಗೋಡೆ. ಬಾಗಿದೆ, ಆದರೆ ಸೋತಿಲ್ಲ. ಕಟ್ಟಿದವನು ಯಾರೋ, ಮಹಾನುಭಾವ. ಅಥವಾ," ಎಂದು ಶಾಂತವೀರಪ್ಪನವರತ್ತ ತಿರುಗಿದರು, "ಇದೂ ನೀವೇ ಕಟ್ಟಿದ್ದು ಅಂತೀರಾ? ತೂಗುಗುಂಡು ಹಿಡಿದು ನೆಟ್ಟಗೆ ಕಟ್ಟೋಕೆ ಬಾರದೆ ಹೀಗೆ ವಾಲಿಸಿದ್ದು ಅಂತ ಬರೆದುಕೊಡ್ತೀರಾ? ಬರೆದುಕೊಟ್ರೆ ಇವತ್ತೇ ಫೈಲು ಮುಚ್ತೀನಿ."

ಮೇಘನ ಅಪ್ಪನ ಮುಖ ನೋಡಿದಳು. ಶಂಕರಮ್ಮನವರೂ ನೋಡಿದರು. ಒಂದು ಸಾಲು ಬರೆದರೆ ಸಾಕಿತ್ತು: ನಂಬರು, ಕರೆಂಟು, ಅಗಳಿ ಎಲ್ಲವೂ ಆ ಸಾಲಿನ ಆಚೆ ಬದಿಯಲ್ಲಿದ್ದವು. ಶಾಂತವೀರಪ್ಪನವರು ಪೆನ್ನು ತೆಗೆದುಕೊಂಡರು. ಗೋಡೆ ನೋಡಿದರು. ಎರಡು ವರ್ಷದಲ್ಲಿ ಆ ಗೋಡೆಯನ್ನು ಒಬ್ಬರು ಹೊಗಳಿದ್ದು ಅದೇ ಮೊದಲು; ಅದೂ ಚಪ್ಪಲಿ ಬಿಟ್ಟು ನಿಂತು.

"ಗಾಳಿ ಜೋರೇ ಸಾರ್ ಇಲ್ಲಿ" ಎಂದು ಪೆನ್ನು ವಾಪಸು ಕೊಟ್ಟರು.

ಶಂಕರಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, ಮಾರ್ಚ್ ಮೂವತ್ತೊಂದರ ತಾರೀಕು ಹೊತ್ತ ಆದೇಶ ಬಂತು.

"ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರುವುದೇನೆಂದರೆ, ಸೊಪ್ಪಿನಬೈಲಿನ ಸದರಿ ಮನೆಯನ್ನು ಕೊಪ್ಪ ತಾಲೂಕಿನ ಪುರಾತನ ಮನೆಯೆಂದು ಘೋಷಿಸಲಾಗಿದೆ. ಒಂದು, ಮುಂಬಾಗಿಲನ್ನು ಪ್ರತಿದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ತೆರೆದಿಡತಕ್ಕದ್ದು. ಎರಡು, 1911ರಲ್ಲಿ ಸದರಿ ಗ್ರಾಮಕ್ಕೆ ವಿದ್ಯುತ್ ಇರಲಿಲ್ಲವಾದ್ದರಿಂದ ಸಂಪರ್ಕದ ಕೋರಿಕೆಯನ್ನು ತಿರಸ್ಕರಿಸಿದೆ. ಮೂರು, ಖಾಲಿ ಮನೆಯು ವೀಕ್ಷಕರಿಗೆ ಬೇಸರ ತರುವುದರಿಂದ, ಅರ್ಜಿದಾರರ ಕುಟುಂಬವು ಅಂದಿನ ಜನಜೀವನದ ಮಾದರಿಗಳಾಗಿ ಅದರಲ್ಲಿ ವಾಸಿಸಲು ಅನುಮತಿಸಿದೆ. ನಾಲ್ಕು, ಮಾದರಿಗಳು ವೀಕ್ಷಕರೊಡನೆ ಸೌಜನ್ಯದಿಂದ ವರ್ತಿಸತಕ್ಕದ್ದು ಮತ್ತು ಮನೆಯನ್ನು ತಾವೇ ಕಟ್ಟಿದ್ದಾಗಿ ಹೇಳಿ ದಾರಿ ತಪ್ಪಿಸತಕ್ಕದ್ದಲ್ಲ."

ಗೃಹಪ್ರವೇಶವೂ ಆಯಿತು. ಆಹ್ವಾನ ಪತ್ರಿಕೆಯಲ್ಲಿ "ಉದ್ಘಾಟನೆ" ಎಂದಿತ್ತು. ಹಾಲು ಉಕ್ಕಿಸಿದ್ದು ಸುಂದರೇಶರು. ಜೀಪು ಉಳಿಯಿತು.

ಮರುದಿನದಿಂದ ಜನ ಬರತೊಡಗಿದರು. ಕೆರೆಕಟ್ಟೆಯ ಮಹಿಳಾ ಸಂಘದವರು ಇರುವ ಒಂದು ಬಸ್ಸು ಹಿಡಿದು ಬಂದು ಅಡುಗೆಮನೆಗೇ ನುಗ್ಗಿದರು.

"ಆಗಿನ ಕಾಲದ ಸಾರು ಎಂತ ಮಾಡಿದ್ದೀರಿ ನೋಡನಾ" ಎಂದು ಒಬ್ಬಾಕೆ ಪಾತ್ರೆಯ ಮುಚ್ಚಳ ತೆಗೆದರು.

"ಉಪ್ಪು ಸಾಲ್ದು ಅಲ್ವಾ?" ಎಂದರು ಶಂಕರಮ್ಮ, ಅವರು ಹೇಳುವ ಮುಂಚೆಯೇ.

"ಆಗಿನವರು ಕಮ್ಮಿ ಉಪ್ಪು ತಿಂತಿದ್ರು ಕಣೇ, ಅದಕ್ಕೇ ಗಟ್ಟಿ ಇದ್ರು" ಎಂದು ಆಕೆ ಉಳಿದವರಿಗೆ ವಿವರಿಸಿದರು. ಎಲ್ಲರೂ ಹೌದೆಂದರು. ಪಡುವಣ ಗೋಡೆಯ ಮುಂದೆ ಶಾಂತವೀರಪ್ಪನವರು ನಿಂತು, ಗಾಳಿಯ ವಿಷಯ ಹೇಳುತ್ತಿದ್ದರು. ಅವರ ಹಳೆಯ ಗಂಟಲಿಗೆ ಹೊಸ ಕಸುಬು ಸಿಕ್ಕಿತ್ತು.

ಮಧ್ಯಾಹ್ನದ ನಿದ್ದೆಗಾಗಿ ಶಂಕರಮ್ಮ ತಾವೇ ಕೋಶಕ್ಕೆ ಅರ್ಜಿ ಬರೆದರು: ಎರಡು ಗಂಟೆ ಕದ ಹಾಕಲು ಅವಕಾಶ ಕೊಡಿ. ಉತ್ತರ ಸಹಾನುಭೂತಿಯದ್ದಾಗಿತ್ತು. ದಿನವಹಿ ಸಾಧ್ಯವಿಲ್ಲ, ಆದರೆ ಸರ್ಕಾರಿ ರಜಾದಿನಗಳಂದು ವೀಕ್ಷಣೆ ಇರುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ಅಗಳಿ ಹಾಕಿಕೊಳ್ಳಬಹುದು.

ಅಂದಿನಿಂದ ಶಂಕರಮ್ಮನವರಿಗೆ ರಾಜ್ಯದ ಆಗುಹೋಗುಗಳಲ್ಲಿ ಆಸಕ್ತಿ ಹುಟ್ಟಿತು. ಯಾವ ಜಯಂತಿ ರಜೆ, ಯಾವುದು ಬರೀ ಭಾಷಣ ಎಂಬುದು ಬಾಯಿಪಾಠವಾಯಿತು. ಗೌರಿ ಗಣೇಶ ಭಾನುವಾರ ಬಿದ್ದರೆ ನಷ್ಟವೆಂದು ಮುಖ ಸಣ್ಣದು ಮಾಡುತ್ತಿದ್ದರು. ದೊಡ್ಡ ಮನುಷ್ಯರು ತೀರಿಕೊಂಡರೆ ಪಟ್ಟಿಯಲ್ಲಿಲ್ಲದ ರಜೆಯೂ ಸಿಗುತ್ತದೆಂದು ತಿಳಿದ ಮೇಲೆ ಯಾರ ಆರೋಗ್ಯದ ಬಗ್ಗೆಯೂ ಅವರಿಗೆ ಉದಾಸೀನ ಉಳಿಯಲಿಲ್ಲ.

ಮೊನ್ನೆ ಅಸಾದುಲ್ಲಾ ಸಾಹೇಬರು ಡಿಪೋದಲ್ಲಿ ಚಾರ್ಜ್ ಮಾಡಿಸಿದ ಫೋನು ತಂದುಕೊಡಲು ಬಂದಾಗ, ಯಾರೋ ಹಿರಿಯ ಮಾಜಿ ಮಂತ್ರಿಯೊಬ್ಬರು ವಾರದಿಂದ ಆಸ್ಪತ್ರೆಯಲ್ಲಿರುವ ಸುದ್ದಿಯನ್ನು ಅದರಲ್ಲಿ ಓದಿದರು. ಸುದ್ದಿ ಕಿವಿಗೆ ಬಿದ್ದದ್ದೇ ಚಾಪೆ ಬಿಡಿಸತೊಡಗಿದ ಶಂಕರಮ್ಮ ಕೇಳಿದರು:

"ಹೆಂಗಿದಾರಂತೆ?"

"ಚೇತರಿಸ್ಕೊಂಡ್ರಂತೆ ಅಕ್ಕ. ಬೆಳಿಗ್ಗೆ ಗಂಜಿ ಕುಡಿದ್ರಂತೆ."

"ಒಳ್ಳೇದಾಯ್ತು ಬಿಡಿ, ಪಾಪ" ಎಂದು ಶಂಕರಮ್ಮ ಮನಸಾರೆ ಹೇಳಿದರು. ಚಾಪೆಯ ಒಂದು ಮೂಲೆ ಮಡಿಸಿದರು.

"ವಯಸ್ಸೆಷ್ಟಂತೆ?"

"ತೊಂಬತ್ತೊಂದು."

"ಹಂಗಾದ್ರೆ ಇರ್ಲಿ, ಅವಸರ ಇಲ್ಲ" ಎಂದು ಚಾಪೆ ಸುತ್ತಿಟ್ಟು, ಅಂಗಳದಲ್ಲಿ ಬಂದು ನಿಂತಿದ್ದ ಹದಿನಾಲ್ಕು ಮಂದಿ ವೀಕ್ಷಕರಿಗೆ "ಬನ್ನಿ, ಒಳಗೆ ಬನ್ನಿ" ಎಂದರು.