ವಾಲ್ವಿಗೆ ಸುತ್ತಿದ ಬಿಳಿ ಟೇಪು

ನಲವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು. ಕೆಲವರಿಗೆ ಹಾರ್ಮೋನಿಯಂ, ಕೆಲವರಿಗೆ ಸೈಟು. ನನಗೆ ರೇಸ್ ಸೈಕಲ್ಲು. ರಾಣೆಬೆನ್ನೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದ ದಿನ ಹಾವೇರಿಯ ನಮ್ಮ ಓಣಿಗೆ ಓಣಿಯೇ ನೋಡಲು ಬಂತು. ಈ ಜಾತಿಯ ಟೈರಿನೊಳಗೇ ಟ್ಯೂಬನ್ನಿಟ್ಟು ಹೊಲಿದಿರುತ್ತಾರೆ, ಟೈರನ್ನು ರಿಮ್ಮಿಗೆ ಗೋಂದು ಹಚ್ಚಿ ಅಂಟಿಸಿರುತ್ತಾರೆ. ರಿಮ್ಮು ಬಲು ಆಳ, ಪಾಪ, ವಾಲ್ವು ಗಿಡ್ಡ. ಅದರ ತಲೆಗೆ ಎಕ್ಸ್‌ಟೆಂಡರ್ ಎಂಬ ಪುಟ್ಟ ಕೊಳವೆ ತಿರುಗಿಸಿ ಕೂಡಿಸಿದರೆ ಮಾತ್ರ ಪಂಪಿಗೆ ಸಿಗುತ್ತದೆ. ಇದನ್ನೆಲ್ಲ ನಾನು ಆಫೀಸಿನಲ್ಲಿ ವಿವರಿಸತೊಡಗಿದರೆ ಜನ ಹನ್ನೊಂದು ಗಂಟೆಗೇ ಊಟಕ್ಕೆ ಏಳುತ್ತಿದ್ದರು.

ತೊಂದರೆ ಏನೆಂದರೆ, ಸಂಜೆ ಕಲ್ಲಿನಂತಿದ್ದ ಚಕ್ರ ಬೆಳಿಗ್ಗೆ ಆರಿದ ಪೂರಿಯಾಗಿರುತ್ತಿತ್ತು. ಹೋಗಲಿ ಬಿಡು ಎನ್ನಲು ನನ್ನ ಮಾನ ಬ್ಯಾಡಗಿಯಲ್ಲಿತ್ತು. ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಮಾವನವರು, ಅಳಿಯಂದಿರು ಸೈಕಲ್ ಮೇಲೆ ಬರುತ್ತಾರೆಂದು ಪೇಟೆ ತುಂಬ ಡಂಗುರ ಸಾರಿದ್ದರು. ನಾನೋ, ಹೋದಾಗಲೆಲ್ಲ ಬಸ್ಸಿನಿಂದ ಇಳಿಯುತ್ತಿದ್ದೆ. ಅತ್ತೆಯವರು ಹೋಳಿಗೆಗೆ ತುಪ್ಪ ಹಾಕುತ್ತ, ಇವತ್ತೂ ಗಾಳಿ ಹೋಗಿತ್ತೇನು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಅಂಥ ಹೋಳಿಗೆ ಗಂಟಲಲ್ಲಿ ಇಳಿಯುತ್ತದೆಯೇ? ಇಳಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಕಡೆ ಗಾಳಿ ಹೊಡೆದ ಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಬಾಯಿಗೆ ಸವರುವುದು ಪದ್ಧತಿ. ಗುಳ್ಳೆ ಬಾರದಿದ್ದರೆ ಎಲ್ಲ ಸರಿಯೆಂದು ಲೆಕ್ಕ. ನಾನೂ ದಿನಾ ಕೊಳವೆಯ ತುದಿಗೆ ಭಕ್ತಿಯಿಂದ ಸವರಿದೆ. ಒಂದು ಗುಳ್ಳೆಯೂ ಇಲ್ಲ. ಹಾಗಾದರೆ ಟೈರೇ ಕೆಟ್ಟಿದೆಯೆಂದು ಅದನ್ನು ಕಿತ್ತು ಹೊಲಿಗೆ ಬಿಚ್ಚಬೇಕೆಂದು ಕತ್ತರಿ ಹುಡುಕುತ್ತಿದ್ದಾಗ ಹೆಂಡತಿ ಗಿರಿಜಾ ಅಡ್ಡ ಬಂದಳು.

"ಎಂಜಲ ಹಚ್ಚಿದ್ದು ಸಾಕ್ರಿ. ಇಡೀ ಗಾಲೀನ ನೀರಾಗ ಮುಳುಗಿಸ್ರಿ."

ಹಿತ್ತಲಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಬುಳುಬುಳು ಗುಳ್ಳೆ! ಬಂದದ್ದು ಕೊಳವೆಯ ತುದಿಯಿಂದಲ್ಲ, ಕೊಳವೆ ರಿಮ್ಮಿನೊಳಗೆ ಇಳಿಯುವ ತೂತಿನಿಂದ. ವಾಲ್ವಿಗೂ ಕೊಳವೆಗೂ ಗಂಟು ಬಿದ್ದ ಜಾಗ ಒಳಗೆ ಸೋರುತ್ತಿತ್ತು, ನಾನು ಮೇಲೆ ಎಂಜಲು ಹಚ್ಚುತ್ತಿದ್ದೆ. ಲುಂಗಿ ತೊಯ್ದದ್ದೂ ಗೊತ್ತಾಗದೆ ಕುಣಿದಾಡಿದೆ. ನಳ ಜೋಡಿಸುವಾಗ ಸುತ್ತುವ ಬಿಳಿ ಟೇಪನ್ನು ವಾಲ್ವಿನ ತಿರುಪಿಗೆ ಸುತ್ತಿ ಕೊಳವೆಯನ್ನು ಬಿಗಿದೆ. ಮರುದಿನ ಬೆಳಿಗ್ಗೆಯೂ ಚಕ್ರ ಗಟ್ಟಿ! ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದೆ.

ರವಿವಾರ ಗಿರಿಜಾ ಬಸ್ಸಿಗೆ, ನಾನು ಸೈಕಲ್ಲಿಗೆ. ಬ್ಯಾಡಗಿ ಮುಟ್ಟುವಷ್ಟರಲ್ಲಿ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ಮೆಣಸಿನಕಾಯಿ ಘಾಟಿಗೆ ಸೀನುತ್ತ, ಕಣ್ಣೀರು ಸುರಿಸುತ್ತ ಪೇಟೆಯಲ್ಲಿ ಹಾಯ್ದೆ. ಜನ ಅದನ್ನು ಆನಂದಬಾಷ್ಪವೆಂದುಕೊಂಡರು. ಅತ್ತೆಯವರು ಆರತಿ ಎತ್ತಿದರು. ಮಾವನವರು ಟೈರು ಒತ್ತಿ ನೋಡಿ ಎದೆಯುಬ್ಬಿಸಿ, "ಇನ್ನ ಬಸ್ಸಿನ ಮಾತ ಬ್ಯಾಡ್ರಿ, ಅಳಿಯಂದಿರ. ವಾರಾ ವಾರಾ ಹಿಂಗ ಬರ್ರಿ" ಎಂದು ಅಪ್ಪಣೆ ಕೊಡಿಸಿದರು.

ವಾರಾ ವಾರಾ! ಆ ವಾರವಿಡೀ ನಾನು ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುವ ಸುಖ ಕಣ್ಣಮುಂದೆ ಬರತೊಡಗಿತು. ಶನಿವಾರ ಸಂಜೆ ಗಿರಿಜಾ ಸಂತೆಗೆ ಹೋದದ್ದೇ ತಡ, ಕೊಳವೆ ತಿರುಗಿಸಿ ತೆಗೆದು, ಟೇಪು ಬಿಚ್ಚಿ ಎಸೆದು, ಮತ್ತೆ ಹಾಗೇ ಕೂಡಿಸಿ ಗಾಳಿ ಹೊಡೆದಿಟ್ಟೆ. ಬೆಳಿಗ್ಗೆ ಚಕ್ರ ಮೆತ್ತಗಾಗಿತ್ತು. ಸಾಧ್ಯವಿದ್ದಷ್ಟು ದುಃಖ ತಂದುಕೊಂಡು ಗಿರಿಜಾಳನ್ನು ಕರೆದು ತೋರಿಸಿದೆ.

ಅವಳು ಟೈರು ನೋಡಲಿಲ್ಲ, ನನ್ನ ಮುಖ ನೋಡಿದಳು. ಒಳಗೆ ಹೋಗಿ, ಸಂತೆಯ ಚೀಲದಿಂದ ಹೊಸ ಟೇಪಿನ ಸುರುಳಿ ತಂದಳು.

"ನೀವು ಚಾ ಕುಡೀರಿ, ನಾ ಸುತ್ತತೇನಿ. ಅಲ್ಲೆ ಅವ್ವ ಹೋಳಗಿ ಮಾಡಾಕತ್ಯಾಳ."