ಕುಬಸದ ಬುತ್ತಿಗೊಂದು ಸ್ಟೆಬಿಲೈಸರ್

ಹೆಣ್ಣು ನೋಡಲು ಹೋದಾಗ ನಾನು ಹೆಚ್ಚು ವಿಚಾರ ಮಾಡಲಿಲ್ಲ. ತಟ್ಟೆಯಲ್ಲಿದ್ದ ಚುರುಮುರಿ ಸುಸಲಾ ಮುಗಿಯುವುದರೊಳಗೆ ಹೂಂ ಎಂದುಬಿಟ್ಟೆ. ಮನೆ ಕೊಳ್ಳುವಾಗಲೂ ಅಷ್ಟೇ, ಬಾಗಿಲು ಪೂರ್ವಕ್ಕಿದೆ ಎಂದರು, ಸಾಕು ಎಂದೆ. ಆದರೆ ಜೀಪಿಗೊಂದು ಸ್ಟೇರಿಂಗ್ ಸ್ಟೆಬಿಲೈಸರ್ ಆರಿಸಲು ಮಾತ್ರ ನನಗೆ ಇಡೀ ಮಳೆಗಾಲ ಬೇಕಾಯಿತು. ಬದುಕಿನ ದೊಡ್ಡ ಪ್ರಶ್ನೆಗಳನ್ನೆಲ್ಲ ಕಣ್ಣು ಮುಚ್ಚಿ ದಾಟಿ, ಒಂದು ಮೊಳದ ಕೊಳವೆಯ ಮುಂದೆ ಬಂದು ಪಂಡಿತನಾಗಿ ನಿಲ್ಲುವುದು ಎಲ್ಲ ಗಂಡಸರ ಜಾಯಮಾನವೋ ನನ್ನೊಬ್ಬನದೋ ತಿಳಿಯದು.

ಜಹೀರಾಬಾದಿನಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ರೈತರ ಹೊಲಗಳಿಗೆ ಹೋಗಬೇಕಾಗುತ್ತದೆ ಎಂಬ ನೆಪ ಮಾಡಿ ಹಳೆಯ ಜೀಪೊಂದನ್ನು ಕೊಂಡೆ. ಅದನ್ನು ಎತ್ತರಿಸಿ, ಟ್ರ್ಯಾಕ್ಟರಿಗೇ ನಾಚಿಕೆಯಾಗುವಂಥ ಟೈರು ಹಾಕಿಸಿದೆ. ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರ ಮಾಡುವ ಗೆಳೆಯ ವೀರೇಶನಿಗೂ ಇದೇ ಹುಚ್ಚು. ರವಿವಾರ ಬಂತೆಂದರೆ ರಾಯಿಕೋಡ್ ಕಡೆಯ ಎರೆಹೊಲಗಳ ಬದಿಯ ಹಳ್ಳಕ್ಕೆ ಜೀಪು ಇಳಿಸುವುದು, ಹತ್ತಿಸುವುದು, ಸಿಕ್ಕಿಕೊಂಡರೆ ಎತ್ತಿನವರನ್ನು ಕರೆಯುವುದು, ಇದು ನಮ್ಮ ಆಟ. ನಮ್ಮ ಬಳಗದಲ್ಲಿ ಒಂದು ಕಟ್ಟಳೆಯೂ ಇದೆ. ಹತ್ತಿದ ಕೆಸರನ್ನು ತೊಳೆಯಬಾರದು. ತೊಳೆದ ಜೀಪು ಕಂಡರೆ ಸಾಕು, "ಏನಪಾ, ಮಾವನ ಮನಿಗಿ ಹೊಂಟೀಯೇನ್?" ಎಂದು ಆಡಿಕೊಳ್ಳುತ್ತಾರೆ. ಹಾಗಾಗಿ ಪದರ ಪದರವಾಗಿ ಒಣಗಿ ಕೂತ ಎರೆಮಣ್ಣನ್ನು ನಾನು ಪದಕದಂತೆ ಕಾಪಾಡಿಕೊಂಡು ಬಂದಿದ್ದೆ.

ತೊಂದರೆ ಶುರುವಾದದ್ದು ಡಾಂಬರು ರಸ್ತೆಯಲ್ಲಿ. ವೇಗ ಐವತ್ತು ದಾಟಿತೆಂದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಒಮ್ಮೆ ಜೊತೆಗೆ ಬಂದ ಹೆಂಡತಿ ನೀಲಮ್ಮ ಕೆಳಗಿಳಿದು, ತಾಳಿ ಮುಟ್ಟಿ ನೋಡಿಕೊಂಡು, ಇನ್ನು ಈ ಜೀಪು ಹತ್ತುವುದಿಲ್ಲವೆಂದಳು. ಅದೇ ಹೊತ್ತಿಗೆ ನಾರಾಯಣಖೇಡದಲ್ಲಿರುವ ಅವಳ ತಂಗಿ ಗಂಗಾಳ ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತು. ಚೊಚ್ಚಲ ಬಸುರಿ, ತಾಯಿಯಿಲ್ಲದ ಹುಡುಗಿ. ಹಸಿರು ಸೀರೆ, ಬಳೆ, ಬಗೆಬಗೆಯ ಅಡಿಗೆಯ ಬುತ್ತಿ ಎಲ್ಲವನ್ನೂ ಅಕ್ಕನೇ ಒಯ್ಯಬೇಕು. ಜೀಪಿನಲ್ಲೇ ಹೋಗೋಣ ಎಂದೆ.

"ಬುತ್ತ್ಯಾಗ ಮೊಸರಿನ ಗಡಿಗಿ ಇರ್ತದರಿ. ನಿಮ್ಮ ಜೀಪಿನಾಗ ಇಟ್ರ ರಾಯಿಕೋಡ್ ದಾಟೋದ್ರಾಗ ಬೆಣ್ಣಿ ತೇಲತದ. ನಾ ಬಸ್ಸಿಗೇ ಹೋಗ್ತೀನಿ," ಎಂದಳು.

ನಗುತ್ತಲೇ ಹೇಳಿದಳು, ಆದರೂ ನನಗೆ ಚುರುಕ್ಕೆಂದಿತು. ಕಟ್ಟಿಕೊಂಡ ಹೆಂಡತಿಯೇ ಕೂರದ ಜೀಪನ್ನು ಯಾವ ಹಳ್ಳ ಹತ್ತಿಸಿ ಏನು ಬಂತು? ಕುಬಸಕ್ಕೆ ಇವಳು ಜೀಪಿನಲ್ಲೇ ಹೋಗಬೇಕು ಎಂದು ಹಟ ತೊಟ್ಟೆ.

ಮೆಕ್ಯಾನಿಕ್ ಖಲೀಲ್ ಭಾಯಿ, "ಮೊದಲ ಗಾಲಿ ಗೀಲಿ ನೋಡೂಣ್ರಿ ಸೇಠ್," ಎಂದ. ನಾನೆಲ್ಲಿ ಕೇಳಲಿ? ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿ, ಇದಕ್ಕೆ ಸ್ಟೆಬಿಲೈಸರೇ ಮದ್ದು ಎಂದು ತೀರ್ಮಾನಿಸಿಯಾಗಿತ್ತು. ಅದು ಸ್ಟೇರಿಂಗಿನ ಸಲಾಕೆಗೆ ಜೋಡಿಸುವ, ಗಾಲಿಯ ಅಲುಗಾಟವನ್ನು ತಾನು ಹೀರಿಕೊಳ್ಳುವ ಕೊಳವೆ. "ಫ್ರಿಜ್ಜಿಗಿ ಹಚ್ಚೋದು ಜೀಪಿಗ್ಯಾಕರಿ?" ಎಂದು ನೀಲಮ್ಮ ಕೇಳಿದಳು. ಉತ್ತರವಾಗಿ ನಾನು ಮಾಡಿದ ಭಾಷಣ ಮುಗಿಯುವುದರೊಳಗೆ ಅವಳು ಹೋಳಿಗೆಗೆ ಬೇಕಾದಷ್ಟು ಶೇಂಗಾ ಸುಲಿದಿದ್ದಳು. ಸ್ಟೆಬಿಲೈಸರಿನಲ್ಲಿ ಎಣ್ಣೆಯದು, ಗ್ಯಾಸಿನದು ಎಂದು ಎರಡು ಪಂಗಡ. "ಎಣ್ಣಿದು ಕಾದ್ರ ಮೆತ್ತಗಾಗ್ತದ, ಗ್ಯಾಸಿಂದೇ ತಗೋ," ಎಂದು ತಾಂಡೂರಿನಿಂದ ವೀರೇಶ. "ಗ್ಯಾಸಿಂದು ಒಂದ್ ಕಡಿ ಜಗ್ಗತದ ಅಣ್ಣಾ, ಎಣ್ಣಿದೇ ಛಲೋ," ಎಂದು ನಾರಾಯಣಖೇಡದಿಂದ ಗಂಗಾಳ ಗಂಡ ಸಂಗಮೇಶ. ಅಂಗಡಿಯಲ್ಲಿ ಗಿರಾಕಿ ಕಡಲೆ ಬೀಜ ಕೇಳಿದರೆ ನಾನು ಗ್ಯಾಸಿನದೋ ಎಣ್ಣೆಯದೋ ಎನ್ನುವ ಸ್ಥಿತಿಗೆ ಬಂದೆ. ಕೊನೆಗೆ ಕೆಂಪು ಬಣ್ಣದ್ದು ಜೀಪಿಗೆ ಒಪ್ಪುತ್ತದೆ ಎಂದು ಅದನ್ನೇ ತರಿಸಿದೆ. ಅದು ಎಣ್ಣೆಯದು ಎಂದು ಡಬ್ಬಿಯ ಮೇಲೆ ಓದಿದ ಮೇಲೆ ಗೊತ್ತಾಯಿತು.

ಕುಬಸದ ಹಿಂದಿನ ದಿನ ಜೀಪನ್ನೂ ಡಬ್ಬಿಯನ್ನೂ ಖಲೀಲ್ ಭಾಯಿಗೆ ಒಪ್ಪಿಸಿ ಅಂಗಡಿಗೆ ಹೋದೆ. ಹಿಂಗಾರು ಬಿತ್ತನೆಯ ಗದ್ದಲ. ಸಂಜೆ ಬಂದರೆ ಜೀಪು ಬಾಗಿಲಲ್ಲಿ ಥಳಥಳ ಹೊಳೆಯುತ್ತಿದೆ! ಸುತ್ತು ಹಾಕಿ ನೋಡಿದೆ, ಚೂರು ಕೆಸರೂ ಉಳಿದಿರಲಿಲ್ಲ.

"ಬುತ್ತಿ ಒಯ್ಯೋ ಗಾಡಿ ಕೆಸರ ಮೆತ್ಕೊಂಡು ಹೋಗಬಾರದರಿ. ನಾನೇ ತೊಳಿಯಾಕ ಹೇಳಿದ್ದೆ," ಎಂದಳು ನೀಲಮ್ಮ. "ಖಲೀಲ್ ಭಾಯಿ ಓಡಿಸಿ ನೋಡ್ಯಾನಂತ, ಛಲೋ ಆಗ್ಯಾದಂತ. ಬರ್ತೀನಿ ನಡೀರಿ."

ಆ ಕೊನೆಯ ಮಾತಿಗೆ ನಾನು ಮಣ್ಣಿನ ದುಃಖವನ್ನೆಲ್ಲ ನುಂಗಿಕೊಂಡೆ.

ಮರುದಿನ ಐವತ್ತು ದಾಟಿತು, ಅರವತ್ತೂ ದಾಟಿತು, ಸ್ಟೇರಿಂಗ್ ಮಿಸುಕಲಿಲ್ಲ. ಪಕ್ಕದಲ್ಲಿ ನೀಲಮ್ಮ ರೇಷ್ಮೆ ಸೀರೆಯುಟ್ಟು ಆರಾಮಾಗಿ ಕೂತು ಹೊಲ ನೋಡುತ್ತಿದ್ದಳು. ನನಗೆ ಎಂಥ ಸಂತೋಷವಾಯಿತೆಂದರೆ ದಾರಿಯುದ್ದಕ್ಕೂ ಸ್ಟೆಬಿಲೈಸರಿನ ಗುಣಗಾನ ಮಾಡಿದೆ. ಅವಳು "ಹೌದಾ?" "ಹೌದಾ?" ಎನ್ನುತ್ತ ಬಂದಳು.

ನಾರಾಯಣಖೇಡದಲ್ಲಿ ಒಳಗೆ ಹೆಂಗಸರು ಗಂಗಾಳಿಗೆ ಬಳೆ ತೊಡಿಸುತ್ತಿರುವಾಗ ಅಂಗಳದಲ್ಲಿ ನಾನು ಗಂಡಸರನ್ನು ಕೂಡಿಸಿ, ಸ್ಟೆಬಿಲೈಸರ್ ಆರಿಸುವ ಬಗೆ ಹೇಗೆಂದು ತಿಳಿಸಿಕೊಡುತ್ತಿದ್ದೆ. ಸಂಗಮೇಶ ತಡೆಯಲಾರದೆ ಜೀಪಿನ ಕೆಳಗೆ ತೂರಿದ. "ಅಣ್ಣಾ, ಕೆಂಪಂದು ಏನೂ ಕಾಣವಲ್ದಲ್ಲ!" ಎಂದ. ಹೊಸ ಬಿಳಿ ಅಂಗಿಯಲ್ಲೇ ನಾನೂ ತೂರಿದೆ. ಇರಲಿಲ್ಲ. ನೀಲಮ್ಮನನ್ನು ಕೂಗಿದೆ. ಕೈತುಂಬ ಹಸಿರು ಬಳೆಯಿಟ್ಟುಕೊಂಡು ಅವಳು ಬಂದಳು.

"ಅದನ್ನ ಹಚ್ಚೋ ಪಟ್ಟಿ ನಮ್ಮ ಜೀಪಿಗಿ ಕೂಡಲಿಲ್ಲಂತರಿ. ತೊಳಿಯೋ ಮುಂದ ಗಾಲಿ ಒಳಗಿಂದ ಬುಟ್ಟಿಗಟ್ಟಲೆ ಮಣ್ಣು ಬಿತ್ತಂತ. ಮಣ್ಣು ಒಂದೇ ಕಡಿ ಕೂತು ಗಾಲಿ ತೂಕ ತಪ್ಪಿತ್ತಂತ. ಅದು ಹೋದ ಮ್ಯಾಲ ನಡುಕನೂ ಹೋತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಇಡೀ ಮಳಿಗಾಲ ಕೂತು ಆರಿಸೀರಿ. ಒಂದಿನಾರ ಖುಷಿಯಿಂದ ಇರಲಿ ಅಂತ ಸುಮ್ಮನಾದೆ."

"ಡಬ್ಬಿ ಎಲ್ಲದ?"

"ಹಿಂದಿನ ಸೀಟಿನಾಗ. ಗಡಿಗಿ ಅಲಗಾಡಬಾರದಂತ ಒತ್ತು ಕೊಟ್ಟಿದ್ದೆ. ಒಂದ್ ಹನಿ ಮೊಸರು ಚೆಲ್ಲಿಲ್ಲರಿ, ಭಾಳ ಛಲೋದು ಆರಿಸೀರಿ."

ಅಂಗಳವೆಲ್ಲ ನಕ್ಕಿತು. ಅಂಗಿಯ ಮಣ್ಣು ಕೊಡವುತ್ತ ನಾನೂ ನಕ್ಕೆ. ಬಾಣಂತನಕ್ಕೆ ಗಂಗಾಳನ್ನು ಕರೆತರಲು ಬಸ್ಸು ಬೇಡ, ಜೀಪೇ ಬರಲಿ ಎಂದು ಹೊರಡುವಾಗ ನೀಲಮ್ಮನೇ ಎಲ್ಲರೆದುರು ಹೇಳಿದಳು. ಹಳ್ಳ ಹತ್ತಿಸಿದ ಯಾವ ರವಿವಾರವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಗಂಗಾಳನ್ನು ಕರೆತರುವ ದಿನದೊಳಗೆ ಗಾಲಿಗಳಲ್ಲಿ ಒಂದು ಚೂರೂ ಮಣ್ಣಿರಬಾರದು ಎಂದು ಈಗ ನೀರು ಚಿಮ್ಮಿಸುವ ಪಂಪೊಂದನ್ನು ಆರಿಸುತ್ತಿದ್ದೇನೆ. ಕರೆಂಟಿನದೇ ಬೇಕೆಂದು ವೀರೇಶ, ಪೆಟ್ರೋಲಿನದೇ ಸರಿಯೆಂದು ಸಂಗಮೇಶ. ವಿಡಿಯೋ ನೋಡುತ್ತಿದ್ದೇನೆ. ಬೆಳಿಗ್ಗೆ ಎದ್ದು ನೋಡಿದರೆ ನೀಲಮ್ಮ ಜೀಪಿನ ಪಕ್ಕ ಒಂದು ಬಕೀಟು ನೀರು, ಒಂದು ಕಸಬರಿಗೆ ಇಟ್ಟಿರುತ್ತಾಳೆ.