ಯಾರರ ಸತ್ತರ ತುಂಬೋ ಸಾಲಿ

ಗುಳೇದಗುಡ್ಡದ ನಮ್ಮ ಓಣ್ಯಾಗ ಅಳೋ ಹೊತ್ತಿನ್ಯಾಗ ನಗು ಬರೋ ಸಂಗತಿ ಒಂದರ ಹಿಂದ ಒಂದು ನಡೀತನ ಇದ್ದವು. ಇವು ನನ್ನ ಮಗಳು ನಾಕನೇ ಇಯತ್ತೆ ಕಲಿಯೋ ಕಾಲದವು. ಈಗ ಅಕಿನ ಅಜ್ಜಿ ಆಗ್ಯಾಳ.

ಕಡೀ ಸಾಲಿನ್ಯಾಗ ಕುಂತವರು

ಸಾಲಿಗೆ ಹೊಸಾ ಅಕ್ಕೋರು ಬಂದಿದ್ರು. ಮಕ್ಕಳು ಗದ್ದಲ ಹಾಕಿದರ ಅವರ ಕಣ್ಣಾಗ ನೀರು. ಹೆಡ್ ಮಾಸ್ತರು ಬೈಲಿಲ್ಲ. ದಿನಾ ಬಂದು ಮಕ್ಕಳ ಹಿಂದ ತಟ್ಟಿನ ಮ್ಯಾಲ ಕುಂತು, ಅಕ್ಕೋರು ಕಲಿಸೋದನ್ನ ನೋಡಿ, ಸಾಲಿ ಬಿಟ್ಟಮ್ಯಾಲ ಹಿಂಗ ಹೇಳ್ರಿ, ಹಂಗ ಕೇಳ್ರಿ ಅಂತ ತಿದ್ದತಿದ್ರು. ಹೆಡ್ ಮಾಸ್ತರು ನಮ್ಮ ವರ್ಗದಾಗ ಕುಂದರತಾರ ಅಂತ ಮಗಳು ಮನ್ಯಾಗ ಹೇಳಿದ್ಲು.

ಮೂಲ್ಯಾಗ ಕೆಮ್ಮಕೋತ ಮಲಗಿದ್ದ ನಮ್ಮ ಮಾವನವರು ಲೊಚಗುಟ್ಟಿದ್ರು. "ಪಾಪ, ಈ ವಯಸ್ಸಿನ್ಯಾಗ ನಪಾಸಾದ್ರೇನು."

ಮಾಸ್ತರ ಕಂಡಕಿ

ನಮ್ಮಲ್ಲಿ ಮನಿಮನಿಗೂ ಮಗ್ಗ. ಮಕ್ಕಳು ನೂಲಿನ ಕಂಡಕಿ ಸುತ್ತಿಕೊಟ್ಟರನ ಕುಬಸದ ಖಣ, ಖಣ ನೇದರನ ರೊಟ್ಟಿ. ಹಂಗಾಗಿ ಬರಬರತ ಸಾಲಿ ಖಾಲಿ ಆತು, ನನ್ನ ಮಗಳೂ ಬಿಟ್ಟಳು. ಮಗಳನ್ನ ಕಳಸ್ರಿ ಅಂತ ಹೆಡ್ ಮಾಸ್ತರು ಬಂದ್ರು. ಕಂಡಕಿ ಯಾರು ಸುತ್ತಬೇಕ್ರಿ ಅಂದ್ರು ನಮ್ಮನಿಯವರು. ನಾ ಸುತ್ತತೇನಿ ಅಂತ ಮಾಸ್ತರು ಧೋತರ ಮ್ಯಾಲೆತ್ತಿ ಕುಂತೇಬಿಟ್ರು. ಜರಾ ಹೊತ್ತಿನ್ಯಾಗ ರೇಷ್ಮಿ ನೂಲು ಅವರ ಚಶ್ಮಾಕ್ಕ, ಅಂಗಿ ಗುಂಡಿಗೆ, ಕಾಲಿನ ಬೆರಳಿಗೆ ಸಿಕ್ಕೊಂಡು ಬಿಡಸೋದ ಕಠಿಣಾತು.

ನಮ್ಮನಿಯವರು ಕೈಮುಗದ್ರು. "ಮಗಳನ್ನ ಕರಕೊಂಡು ಹೋಗ್ರಿ ಮಾಸ್ತರ. ನೂಲೊಂದು ಬಿಡ್ರಿ."

ಸಾಹೇಬರ ಭೇಟಿ

ಓಣ್ಯಾಗ ಯಾರರ ಸತ್ತರ ಮಣ್ಣಾಗೋತನಕ ಯಾರೂ ಮಗ್ಗ ಹೊಡೀತಿರಲಿಲ್ಲ. ಅವತ್ತಷ್ಟ ಮಕ್ಕಳಿಗೆ ಬಿಡುವು, ಅವತ್ತಷ್ಟ ಸಾಲಿ ತುಂಬತಿತ್ತು. ಅಷ್ಟರಾಗ, ತಪಾಸಣಿಗೆ ಸಾಹೇಬರು ಬರ್ತಾರ, ಮಕ್ಕಳಿಲ್ಲಂದ್ರ ಸಾಲಿ ಮುಚ್ಚತಾರ ಅಂತ ಸುದ್ದಿ ಬಂತು. ಸಾಲಿ ಮುಚ್ಚಿದರ ನನ್ನ ಮಗಳು ಮತ್ತ ಕಂಡಕಿ ಮುಂದನ. ನನಗ ಊಟ ಸೇರಲಿಲ್ಲ.

ಅವತ್ತಿಂದ ಹೆಡ್ ಮಾಸ್ತರು ದಿನಾ ಬಂದು ನಮ್ಮ ಮಾವನವರ ತಬ್ಯತ್ ಕೇಳಾಕ ಹತ್ತಿದ್ರು. ಮಾವನವರಿಗೆ ತಿಳೀತು.

"ಸಾಹೇಬರು ಯಾವಾಗ ಬರ್ತಾರ?"

"ಸೋಮವಾರ್ರಿ."

"ಅಷ್ಟರಾಗ ನನ್ನಿಂದ ಆಗೂದಿಲ್ರಿ ಮಾಸ್ತರ."

ಆದರೂ ಓಣಿ ಹಿರ್ಯಾರನ್ನ ಕರಿಸಿ, ಸೋಮವಾರ ನಾ ಸತ್ತೇನಂತ ತಿಳಕೊಂಡು ಮಗ್ಗ ನಿಲ್ಲಸ್ರಿ ಅಂದ್ರು. ಮುದುಕನ ಮಾತು ಯಾರು ಮೀರ್ತಾರ. ಸಾಲಿ ಕಿಕ್ಕಿರದು ತುಂಬಿತು. ಸಾಹೇಬರು ಖುಷಿಯಾಗಿ, ಇಷ್ಟು ಮಂದಿ ಹ್ಯಾಂಗ ಬಂದೀರಿ ಅಂತ ಕೇಳಿದ್ರ, ನನ್ನ ಮಗಳು ಎದ್ದು ನಿಂತು "ನಮ್ಮ ಅಜ್ಜ ಸತ್ತಾನ್ರಿ" ಅಂದ್ಲಂತ.

ಸಾಹೇಬರು ಒಳ್ಳೇವರು. ದುಃಖದಾಗಿನ ಮಂದಿನ್ನ ಮಾತಾಡ್ಸಿಕೊಂಡು ಹೋಗೂಣಂತ ಮನಿಗೇ ಬಂದ್ರು. ಮಾವನವರು ಬಶಿಯಾಗ ಚಾ ಹಾಕ್ಕೊಂಡು ಊದಕೋತ ಕುಂತಿದ್ರು.

"ಬರ್ರಿ ಸಾಹೇಬ್ರ, ಕುಂದರ್ರಿ. ಸಂಜಿಮಟಾ ಸತ್ತಿರ್ತೇನಿ. ಆಮ್ಯಾಲ ಮಗ್ಗ ಚಾಲೂ."

ಸಾಹೇಬರು ನಕ್ಕು ನಕ್ಕು ಕಣ್ಣು ಒರಸಿಕೊಂಡ್ರು. ಸಾಲಿ ಉಳೀತು.

ಮಳಿಗಾಲದಾಗ

ಆ ಮಳಿಗಾಲದಾಗ ಮಾವನವರು ಖರೇನ ಹೋದ್ರು. ನಮ್ಮಲ್ಲಿ ಹೆಣಾನ ಕುಂದರಸ್ತಾರ. ಈಬತ್ತಿ ಹಚ್ಚಿ, ಗ್ವಾಡಿಗೆ ಆನಿಸಿ ಕುಂದರಿಸಿದ್ವಿ. ಬಾಗಲದಾಗ ಹಣಿಕಿ ಹಾಕಿದವರು ಅಜ್ಜ ಕುಂತಾನಲ್ಲ ಅಂತ ನಕ್ಕು ಹೋದ್ರು. ನಾ ಅಳಕೋತ ಕುಂತೇನಿ, ಓಣಿತುಂಬ ಮಗ್ಗ ಖಟ್ ಖಟ್ ಅಂತ ನಡದಾವ.

ಹೆಡ್ ಮಾಸ್ತರು ಬಂದ್ರು. ಮಾವನವರ ಪಾದ ಮುಟ್ಟಿದ್ರು. ಎದ್ದು ಮಳ್ಯಾಗ ಮನಿಮನಿಗೆ ಹೋಗಿ, ಅಜ್ಜಾರು ತೀರಿಕೊಂಡಾರ, ಮಗ್ಗ ನಿಲ್ಲಸ್ರಿ ಅಂತ ಕೈಮುಗದ್ರು.

ಎದುರಮನಿಯವ ಮಗ್ಗದ ಕುಣ್ಯಾಗಿಂದ ತಲಿ ಸೈತ ಎತ್ತಲಿಲ್ಲ. "ಮತ್ತ ತಪಾಸಣಿ ಬಂತೇನ್ರಿ ಮಾಸ್ತರ?"